ಸೀತಾಳೆಗೆ ಬಿಳಿ ಹುಳ

ಕುದ್ರೋಳಿ, ಮಂಗಳೂರು
3 ಮಾರ್ಚ್ 2025

ಪಪ್ಪನಿಗೆ ಮೋಕ್ಷಾ ಬರೆಯುವುದು,

ಕಾಗದ ಬರೆದು ನನಗೆ ಅಭ್ಯಾಸವಿಲ್ಲ. ಶಾಲೆಯಲ್ಲಿ ಪರೀಕ್ಷೆಗೆಂದು ಬರೆದ ‘ತಂದೆಗೊಂದು ಪತ್ರ’ವೇ ಕೊನೆ, ಅದಕ್ಕೆ ಟೀಚರು ಐದರಲ್ಲಿ ಮೂರು ಕೊಟ್ಟಿದ್ದರು. ಆದರೆ ನಿಮ್ಮ ಕೇಂದ್ರದಲ್ಲಿ ಕುಡಿತ ಬಿಡಲು ಬಂದವರ ಕೈಗೆ ಫೋನ್ ಕೊಡುವುದಿಲ್ಲ. ಆಫೀಸಿಗೆ ಮನೆಯವರು ಫೋನ್ ಮಾಡುವುದಾದರೆ ಸಾವೋ ಆಸ್ಪತ್ರೆಯೋ ಆಗಿರಬೇಕು ಎಂದು ಕೌನ್ಸೆಲರ್ ಆನ್ಸಿ ಮೇಡಂ ಮೊದಲೇ ಹೇಳಿಬಿಟ್ಟಿದ್ದಾರೆ. ನೋಡಲು ಬರುವುದು ಬೇಡವೆಂದು ನೀವೇ ಬರೆದುಕೊಟ್ಟಿದ್ದೀರಿ. ಹಾಗಾಗಿ ನಮ್ಮಿಬ್ಬರ ಮಧ್ಯೆ ಈಗ ಅಂಚೆಯವರು ಮಾತ್ರ ಇದ್ದಾರೆ.

ಕೈ ನಡುಗುವುದು ನಿಂತಿತೇ? ಊಟ ಸೇರುತ್ತದೆಯೇ? ಅಲ್ಲಿ ಮೀನು ಕೊಡುತ್ತಾರೋ ಇಲ್ಲವೋ?

ಅಮ್ಮ ಚೆನ್ನಾಗಿದ್ದಾಳೆ. ನೀನೂ ಎರಡು ಗೆರೆ ಬರೆ ಎಂದರೆ, “ನನಗೆ ಹೇಳ್ಲಿಕ್ಕೆ ಇದ್ದದ್ದೆಲ್ಲ ಆ ಜನ ಕುಡಿದು ಬಿದ್ದಿರುವಾಗಲೇ ಹೇಳಿ ಆಗಿದೆ, ಇನ್ನು ಬರೀಲಿಕ್ಕೆ ಎಂತ ಉಂಟು?” ಎನ್ನುತ್ತಾಳೆ. ಹಾಗೆ ಹೇಳುವವಳು ಕೊರಗಜ್ಜನಿಗೆ ಹರಕೆ ಹೊತ್ತಿದ್ದಾಳೆ. ಚಕ್ಕುಲಿ ಕೊಡ್ತೇನೆ, ವೀಳ್ಯ ಕೊಡ್ತೇನೆ, ನಿನ್ನ ಮೂರನೆಯ ಹರಕೆ, ಆ ಶರಾಬನ್ನು ಮಾತ್ರ ನನ್ನ ಕೈಯಲ್ಲಿ ತರಿಸಬೇಡ ಅಜ್ಜಾ ಎಂದು ಜೋರಾಗಿಯೇ ಹೇಳಿಕೊಂಡಳು. ಪಕ್ಕದ ಮನೆಯ ಮುಮ್ತಾಝ್ ಆಂಟಿ ಗೋಡೆಯಾಚೆ ನಿಂತು ಕೇಳಿ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು.

ಈಗ ವಿಷಯ. ತಾರಸಿಯಲ್ಲಿ ನಿಮ್ಮ ಆರ್ಕಿಡ್‌ಗಳಿಗೆ ಏನೋ ಹಿಡಿದಿದೆ. ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಹತ್ತಿ ಹರಿದು ತುರುಕಿದ ಹಾಗೆ ಬಿಳಿ ಬಿಳಿ. ಧೂಳೆಂದು ಊದಿದೆ, ಹೋಗಲಿಲ್ಲ. ಉಗುರಿನಲ್ಲಿ ಕೆದಕಿದರೆ ಒಳಗೆ ಕಾಲುಗಳು! ಕಿರುಚಿಕೊಂಡೆ. ಎಲೆ ಮುಟ್ಟಿದರೆ ಅಂಟು, ತಂತಿಯುದ್ದಕ್ಕೂ ಇರುವೆ. ಅಮ್ಮನನ್ನು ಕರೆದರೆ ಮೆಟ್ಟಿಲ ಬುಡದಲ್ಲೇ ನಿಂತು, “ಸಾಯಲಿ ಬಿಡು. ಗಿಡ ನೋಡ್ತೇನೆ ಅಂತ ಹತ್ತಿದ ಜನ ಯಾವತ್ತಾದರೂ ಗೋಡೆ ಹಿಡಿಯದೆ ಇಳಿದದ್ದುಂಟಾ?” ಎಂದಳು. ಅವಳು ತಾರಸಿಗೆ ಕಾಲಿಡುವುದಿಲ್ಲ, ನಿಮಗೆ ಗೊತ್ತಲ್ಲ.

ಏನು ಮಾಡಬೇಕೆಂದು ಬೇಗ ಬರೆಯಿರಿ.

ನಿಮ್ಮ ಮಗಳು,
ಮೋಕ್ಷಾ


ಕಾರ್ಕಳದ ಹತ್ತಿರ, ಕೇಂದ್ರದಿಂದ
11 ಮಾರ್ಚ್

ಮೋಕ್ಷಾ ಮಗಾ,

ನಿನ್ನ ಕಾಗದವನ್ನು ಆನ್ಸಿ ಮೇಡಂ ಓದಿಯೇ ಕೊಟ್ಟರು. ಬರುವುದನ್ನೂ ಹೋಗುವುದನ್ನೂ ಓದುವುದು ಇಲ್ಲಿಯ ಕ್ರಮ, ಬೇಸರಿಸಬೇಡ. ಮೇಡಂ ನಿನ್ನ ಕಾಗದಕ್ಕೆ ಐದಕ್ಕೆ ಐದು ಕೊಟ್ಟಿದ್ದಾರೆ. ಕೈ ನಡುಗುವುದು ಕಡಿಮೆಯಾಗಿದೆ, ಅಕ್ಷರ ನೋಡಿದರೆ ಗೊತ್ತಾಗುತ್ತದೆ. ಮೀನು ಇಲ್ಲ. ಬುಧವಾರ ಮೊಟ್ಟೆ.

ಅದು ಹಿಟ್ಟುತಿಗಣೆ. ರಸ ಹೀರುವ ಹುಳ. ಮೈಮೇಲೆ ಮೇಣದ ಹಿಟ್ಟು ಹೊದ್ದುಕೊಂಡಿರುತ್ತದೆ, ಹಾಗಾಗಿ ನೀರು ಹಾಕಿದರೆ ಅದಕ್ಕೆ ತಾಗುವುದೇ ಇಲ್ಲ. ಅದು ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತದೆ, ಇರುವೆಯೇ ಅದನ್ನು ಗಿಡದಿಂದ ಗಿಡಕ್ಕೆ ಹೊತ್ತು ಹಾಕುತ್ತದೆ. ಮೊದಲು ಇರುವೆಯ ದಾರಿ ತಪ್ಪಿಸು. ನನ್ನ ಕೆಲಸದ ಬ್ಯಾಗಿನಲ್ಲಿ ಗ್ರೀಸ್ ಉಂಟು, ಗಿಡ ನೇತುಹಾಕಿದ ತಂತಿಗಳಿಗೆ ಬಳಿ. ಹುಳ ಹಿಡಿದ ಗಿಡಗಳನ್ನು ಬೇರೆ ಇಡು. ಅದೇ ಬ್ಯಾಗಿನಲ್ಲಿ ಸೋಪು ನೀರಿನ ಬಾಟಲಿ ಇದೆ. ಏಸಿಯ ಗ್ಯಾಸ್ ಎಲ್ಲಿ ಸೋರುತ್ತದೆಂದು ನೋಡಲು ಇಟ್ಟದ್ದು, ತೆಳು ಮಾಡಿ ಎಲೆಯ ಅಡಿಗೆ ಸಿಂಪಡಿಸು. ಆದರೆ ಎಲೆಗಳ ನಡುವಿನ ಕುಡಿಯಲ್ಲಿ ನೀರು ನಿಲ್ಲಬಾರದು, ಕೊಳೆಯುತ್ತದೆ.

ಸರಿಯಾದ ಮದ್ದು ಸ್ಪಿರಿಟ್. ಇಂಜೆಕ್ಷನ್ ಕೊಡುವ ಮೊದಲು ಹಚ್ಚುತ್ತಾರಲ್ಲ, ಅದೇ. ಕಿವಿಗೆ ಹಾಕುವ ಬಡ್ಸನ್ನು ಅದರಲ್ಲಿ ಅದ್ದಿ ಹುಳಕ್ಕೆ ಮುಟ್ಟಿಸಿದರೆ ಮೇಣ ಕರಗಿ ಅಲ್ಲೇ ಸಾಯುತ್ತದೆ. ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಆ ಬಾಟಲಿ ನನ್ನನ್ನು ಎಲ್ಲಿಗೆ ಒಯ್ದಿತ್ತು ಎಂದು ನಿಮಗಿಬ್ಬರಿಗೂ ಗೊತ್ತು. ಅಮ್ಮನನ್ನು ಕೇಳು. ಅವಳು ಬೇಡವೆಂದರೆ ಬೇಡ. ಕದ್ದುಮುಚ್ಚಿ ಮಾತ್ರ ತರಬೇಡ.

ಇನ್ನೊಂದು ಮಾತು. ಅಮ್ಮನ ಸೋದರಮಾವ ದುಗ್ಗಪ್ಪಜ್ಜ ಬಂದರೆ ಅವರನ್ನು ತಾರಸಿಗೆ ಹತ್ತಿಸಬೇಡ. ಅವರಿಗೆ ಯಾವ ರೋಗಕ್ಕೂ ಮೈಲುತುತ್ತೇ ಮದ್ದು. ಅಡಿಕೆಗೆ ಅದು ಆಗುತ್ತದೆ, ಆರ್ಕಿಡ್‌ಗೆ ತಾಮ್ರ ವಿಷ.

ಇತಿ,
ಪಪ್ಪ


ಕುದ್ರೋಳಿ
24 ಮಾರ್ಚ್

ಪಪ್ಪಾ,

ನಿಮ್ಮ ಕಾಗದ ಬಂದದ್ದು ಶನಿವಾರ. ದುಗ್ಗಪ್ಪಜ್ಜ ಬಂದದ್ದು ಗುರುವಾರ.

ನಾನು ಕಾಲೇಜಿಗೆ ಹೋಗಿದ್ದೆ. ಸಂಜೆ ಬಲ್ಮಠದಿಂದ ಬಂದು ನೋಡುವಾಗ ಶೇಡ್ ನೆಟ್ಟಿನ ಕೆಳಗೆಲ್ಲ ನೀಲಿ. ಗೋಡೆ ನೀಲಿ, ಬಕೆಟ್ ನೀಲಿ, ಅಜ್ಜನ ಮೀಸೆಯೂ ನೀಲಿ. “ಮೈಲುತುತ್ತಿನ ಬೋರ್ಡೋ ಹೊಡೆದಿದ್ದೇನೆ ಮಗಾ, ಇನ್ನು ಒಂದು ಹುಳ ಉಳೀಲಿಕ್ಕಿಲ್ಲ” ಎಂದು ಚಹಾ ಕುಡಿದು ಬಸ್ಸು ಹತ್ತಿದರು. ಹುಳ ಎಲ್ಲವೂ ಉಳಿದಿದೆ. ನೇರಳೆ ಹೂ ಬಿಡುವ ಡೆಂಡ್ರೋಬಿಯಂಗಳು ಒಂದೊಂದಾಗಿ ಎಲೆ ಉದುರಿಸುತ್ತಿವೆ. ಕಾಂಡ ಹಿಸುಕಿದರೆ ಬೆಂದ ಬೆಂಡೆಕಾಯಿಯ ಹಾಗಿದೆ. ಅಮ್ಮನಿಗೆ ಹೇಳಿದರೆ, “ಪಾಪ, ಅವರಿಗೆ ಎಂತ ಗೊತ್ತು, ಒಳ್ಳೇದಕ್ಕೇ ಮಾಡಿದ್ದು” ಎಂದಳು. ಒಳ್ಳೆಯದಕ್ಕೆ ಮಾಡಿದರೆ ಗಿಡ ಸಾಯುವುದಿಲ್ಲವೇ ಎಂದು ನನಗೆ ಸಿಟ್ಟು ಬಂತು.

ಸ್ಪಿರಿಟ್ ಕೇಳಿದೆ. ಕೇಳಬಾರದಿತ್ತು. ಅಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. “ಜನವರಿಯಲ್ಲಿ ಅದನ್ನೇ ಕುಡಿದಲ್ವಾ ಐಸಿಯು ಸೇರಿದ್ದು? ಇನ್ನೊಮ್ಮೆ ಬಾಯಿಗೆ ಹೋದ್ರೆ ನಮ್ಮ ಹತ್ರ ತರಬೇಡಿ ಅಂತ ಡಾಕ್ಟರು ಹೇಳಿದ್ದು ನೀನು ಕೇಳ್ಲಿಲ್ವಾ? ಈ ಮನೆಗೆ ಅದು ಬರುವ ದಿನ ನಾನು ಹೊರಗೆ” ಎಂದಳು.

ಮುಮ್ತಾಝ್ ಆಂಟಿ ಬೇವಿನೆಣ್ಣೆ ಕೊಟ್ಟರು. ಸಂಜೆ ಹಚ್ಚುತ್ತಿದ್ದೇನೆ. ಹುಳ ಎರಡು ದಿನ ಮರೆಯಾಗಿ ಮತ್ತೆ ಬರುತ್ತದೆ. ಮರದ ತುಂಡಿಗೆ ಕಟ್ಟಿದ ನಿಮ್ಮ ಕಾಡು ಆರ್ಕಿಡ್, ಆ ಸೀತಾಳೆ ದಂಡೆಗೆ ಇನ್ನೂ ಹಿಡಿದಿಲ್ಲ. ಅಜ್ಜನ ಪಂಪಿಗೂ ಅದು ಎಟುಕಲಿಲ್ಲ.

ಮೋಕ್ಷಾ


ಕೇಂದ್ರದಿಂದ
5 ಏಪ್ರಿಲ್

ಮಗಾ,

ಹೋದದ್ದು ಹೋಯಿತು. ಸತ್ತದ್ದನ್ನೂ ಹುಳ ಹಿಡಿದದ್ದನ್ನೂ ಬೇರೆಯವರಿಗೆ ಕೊಡಬೇಡ, ಬುಟ್ಟಿಗೂ ಹಾಗೇ ಎಸೆಯಬೇಡ. ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸದ ಗಾಡಿಗೆ ಕೊಡು. ನಮ್ಮ ಹುಳ ಇನ್ನೊಬ್ಬರ ಮನೆಗೆ ಹೋಗಬಾರದು.

ಅಮ್ಮ ಹೇಳಿದ್ದೇ ಸರಿ. ಸ್ಪಿರಿಟ್ ಸುದ್ದಿ ಬಿಡು.

ಮೊನ್ನೆ ಆನ್ಸಿ ಮೇಡಂ ನಮ್ಮನ್ನೆಲ್ಲ ಸುತ್ತ ಕೂರಿಸಿ, ಮನೆಗೆ ಹೋದ ದಿನ ಮೊದಲು ಏನು ನೋಡಲು ಆಸೆ ಎಂದು ಕೇಳಿದರು. ಒಬ್ಬ ಮೊಮ್ಮಗು ಎಂದ. ಒಬ್ಬ ತನ್ನ ದೋಣಿ ಎಂದ. ನಾನು ಸೀತಾಳೆ ದಂಡೆ ಎಂದೆ. ಎಲ್ಲರೂ ನಕ್ಕರು, ಹೆಂಡತಿಯ ಹೆಸರು ಹೇಳಬೇಕಿತ್ತಂತೆ. ನಾನು ಹೇಳಿದ್ದು ಅವಳನ್ನೇ. ನಮ್ಮ ಮದುವೆಯ ದಿನ ಹರಿಣಾಕ್ಷಿಯ ಜಡೆಗೆ ಅವಳ ಅಜ್ಜಿ ಸುತ್ತಿದ್ದು ಸೀತಾಳೆ ದಂಡೆ. ಆಮೇಲೆ ಅವಳು ಅದನ್ನು ಮುಡಿದದ್ದು ನಾನು ಕಂಡಿಲ್ಲ. ಹೆದ್ದಾರಿ ಅಗಲ ಮಾಡುವಾಗ ಉರುಳಿಸಿದ ಮಾವಿನ ಮರದಿಂದ ಈ ಗಿಡ ತಂದೆವಲ್ಲ, ಸ್ಕೂಟರಿನ ಹಿಂದೆ ಕೂತು ನೀನೇ ಅದನ್ನು ಎದೆಗೆ ಒತ್ತಿ ಹಿಡಿದಿದ್ದೆ. ಪ್ರತಿ ಮಳೆಗಾಲ ಶುರುವಾಗುವಾಗ ಮೊದಲ ಗೊಂಚಲನ್ನು ಕೊಯ್ದು ಕೆಳಗೆ ತಂದು ಅವಳ ಕೈಯಲ್ಲಿಡುತ್ತೇನೆ. ಅವಳು ದೇವರ ಪಟಕ್ಕೆ ಸಿಕ್ಕಿಸುತ್ತಾಳೆ. ಈ ಸಲ ಕೊಡುವಾಗ ನನ್ನ ಬಾಯಿ ವಾಸನೆ ಬರುವುದಿಲ್ಲ. ಅಷ್ಟೇ ನನ್ನ ಆಸೆ.

ಮೇ ಹದಿನೆಂಟರ ಭಾನುವಾರ ನನ್ನನ್ನು ಬಿಡುತ್ತಾರೆ. ಅಷ್ಟರಲ್ಲಿ ಮೊಗ್ಗು ಬಂದಿರಬೇಕು.

ಪಪ್ಪ


ಕುದ್ರೋಳಿ
21 ಏಪ್ರಿಲ್

ಪ್ರೀತಿಯ ಪಪ್ಪಾ,

ಮೊದಲು ಬೈಯುವುದಿಲ್ಲ ಎಂದು ಒಪ್ಪಿಕೊಳ್ಳಿ. ಒಪ್ಪಿದಿರಾ? ಹಾಗಾದರೆ ಮುಂದೆ ಓದಿ.

ಹಿಟ್ಟುತಿಗಣೆ ಸೀತಾಳೆಗೂ ಹತ್ತಿತು. ಬೇರಿನ ಸಂದಿಯಲ್ಲಿ, ಎಲೆಯ ಬುಡದಲ್ಲಿ, ಎಲ್ಲ ಕಡೆ. ಸೋಪು ಹಾಕಿದೆ, ಬೇವು ಹಾಕಿದೆ. ಕೆಳಗಿನ ಎರಡು ಎಲೆ ಹಳದಿಯಾಗಿ ಕಳಚಿ ಬಿದ್ದವು. ನೀವು ಮನೆಗೆ ಬಂದು ನೋಡಲು ಆಸೆಪಟ್ಟ ಒಂದೇ ಒಂದು ಗಿಡ ಅದು. ನನ್ನ ಕೈಯಲ್ಲಿ ಅದು ಸಾಯುವುದನ್ನು ನೋಡಿಕೊಂಡು ಕೂರಲು ನನ್ನಿಂದ ಆಗಲಿಲ್ಲ.

ಇಲ್ಲಿಯ ಮೆಡಿಕಲ್‌ನವರಿಗೆಲ್ಲ ನಿಮ್ಮ ಗುರುತು ಉಂಟು. ಅದಕ್ಕೆ ಫಳ್ನೀರಿಗೆ ಹೋದೆ. ಅಲ್ಲಿ ಆಸ್ಪತ್ರೆಗಳ ಎದುರು ಸಾಲು ಮೆಡಿಕಲ್, ಯಾರೂ ಮುಖ ನೋಡುವುದಿಲ್ಲ. ಒಂದು ಬಾಟಲಿ ಸ್ಪಿರಿಟ್, ಒಂದು ಡಬ್ಬಿ ಬಡ್ಸ್. ಬಸ್ಸಿನಲ್ಲಿ ಬ್ಯಾಗು ಮಡಿಲಲ್ಲಿಟ್ಟು ಕೂತಿದ್ದಾಗ ಎಲ್ಲರೂ ನನ್ನನ್ನೇ ನೋಡುತ್ತಾರೆ ಎನಿಸಿತು.

ಅಮ್ಮ ಮಧ್ಯಾಹ್ನ ಮಲಗುವಾಗ ತಾರಸಿಗೆ ಹೋಗಿ ಒಂದೊಂದೇ ಹುಳಕ್ಕೆ ಮುಟ್ಟಿಸಿದೆ. ಪಪ್ಪಾ, ಬಿಳಿ ಹಿಟ್ಟು ಕರಗಿ ಒಳಗಿನ ಹುಳ ಕಂದಾಗಿ ನಿಂತುಬಿಡುತ್ತದೆ, ಮ್ಯಾಜಿಕ್ ನೋಡಿದ ಹಾಗೆ! ಸೀತಾಳೆ ಈಗ ಸ್ನಾನ ಮಾಡಿಸಿದ ಮಗುವಿನ ಹಾಗೆ ಹೊಳೆಯುತ್ತಿದೆ. ವಾರಕ್ಕೊಮ್ಮೆ ಮಾಡಬೇಕು, ಮೊಟ್ಟೆ ಒಡೆದು ಹೊಸತು ಬರುತ್ತದಂತೆ, ನೆಟ್ಟಿನಲ್ಲಿ ಓದಿದೆ.

ಅಮ್ಮನಿಗೆ ಗೊತ್ತಿಲ್ಲ. ಬಾಟಲಿಯನ್ನು ತೆಂಗಿನ ಸಿಪ್ಪೆಯ ಗೋಣಿಯ ಒಳಗೆ, ತಳದಲ್ಲಿ ಹೂತಿಟ್ಟಿದ್ದೇನೆ. ಅಲ್ಲಿ ಯಾರೂ ಕೈ ಹಾಕುವುದಿಲ್ಲ. ನಿಮ್ಮ ಮಗಳು ಹೇಗೆ?

ಮೋಕ್ಷಾ


ಕೇಂದ್ರದಿಂದ
28 ಏಪ್ರಿಲ್

ಮೋಕ್ಷಾ,

ಬೈಯುವುದಿಲ್ಲ. ಆದರೆ ನೀನು ಜಾಗ ಹೇಳಬಾರದಿತ್ತು.

ನಿನಗೆ ಇದು ಅರ್ಥವಾಗುವುದು ಕಷ್ಟ, ಆದರೂ ಬರೆಯುತ್ತೇನೆ. ಇಲ್ಲಿಗೆ ಬಂದ ಮೇಲೆ ಮನೆ ಎಂದರೆ ನನಗೆ ಅಡುಗೆಮನೆಯ ಶಬ್ದ, ನಿನ್ನ ಸ್ಕೂಟಿ, ಮುಮ್ತಾಝ್ ಅವರ ಮನೆಯ ಕೋಳಿ, ಇದೆಲ್ಲ ನೆನಪಾಗುತ್ತಿತ್ತು. ನಿನ್ನ ಕಾಗದ ಓದಿದ ಮೇಲೆ ಮನೆ ಎಂದರೆ ಒಂದು ಗೋಣಿ. ಗೋಣಿಯ ತಳದಲ್ಲಿ ಒಂದು ಬಾಟಲಿ. ಊಟಕ್ಕೆ ಕೂತರೆ ಅದು, ಪ್ರಾರ್ಥನೆಗೆ ನಿಂತರೆ ಅದು. ಮುಚ್ಚಳ ತಿರುಗಿಸುವಾಗ ಬರುವ ಶಬ್ದ ಸಹ ಕೇಳುತ್ತದೆ. ಬಾಯಲ್ಲಿ ನೀರು ಬರುತ್ತದೆ ಮಗಾ, ನಾಚಿಕೆಯಾಗುತ್ತದೆ, ಆದರೆ ಬರುತ್ತದೆ.

ಆನ್ಸಿ ಮೇಡಂ ಕಾಗದ ಓದಿ, “ಇದನ್ನು ನಿಮಗೆ ಕೊಡಬಾರದಿತ್ತು, ಆದರೆ ಹೊರಗೆ ಹೋದ ಮೇಲೆ ಇಂಥದ್ದು ದಿನಾ ಸಿಗ್ತದೆ, ಇಲ್ಲಿ ಇರುವಾಗಲೇ ಎದುರಿಸಿ” ಎಂದರು. ನಿಮ್ಮ ಮನೆಯವರಿಗೆ ನಾನು ಫೋನ್ ಮಾಡಬೇಕಾ ಎಂದೂ ಕೇಳಿದರು. ಬೇಡ, ನಾನೇ ಮಗಳಿಗೆ ಬರೆಯುತ್ತೇನೆ ಎಂದೆ. ಅಮ್ಮನಿಗೂ ನಿನಗೂ ನನ್ನಿಂದಾಗಿ ಜಗಳ ಬೇಡ.

ಈ ಕಾಗದ ಕೈಗೆ ಬಂದ ಕೂಡಲೇ ಬಾಟಲಿಯನ್ನು ಮೋರಿಗೆ ಖಾಲಿ ಮಾಡು. ಸೀತಾಳೆ ಸತ್ತರೆ ಸಾಯಲಿ. ಚೆಲ್ಲಿದೆ ಎಂದು ಒಂದು ಗೆರೆ ಬರೆ. ಆ ಗೆರೆಗಾಗಿ ಕಾಯುತ್ತೇನೆ.

ಪಪ್ಪ


ಕುದ್ರೋಳಿ
8 ಮೇ

ಪಪ್ಪಾ,

ಬಾಟಲಿ ಗೋಣಿಯಲ್ಲಿ ಇಲ್ಲ. ಇನ್ನು ಆ ಸುದ್ದಿ ಬೇಡ.

ಒಳ್ಳೆಯ ಸುದ್ದಿ ಕೇಳಿ. ಸೀತಾಳೆಗೆ ಮೊಗ್ಗು ಬಂದಿದೆ! ಒಂದಲ್ಲ, ಎರಡು ದಂಡೆ. ಈಗ ಹಸಿರು ಕಾಳಿನ ಹಾಗೆ ಪುಟ್ಟ ಪುಟ್ಟದು. ಮೊದಲ ಮಳೆಗೆ ಅರಳಬಹುದು.

ಅಮ್ಮ ನಿಮ್ಮ ಅಂಗಿಗಳನ್ನೆಲ್ಲ ಒಗೆದು ಇಸ್ತ್ರಿ ಹಾಕಿಸಿದ್ದಾಳೆ. ಮೊನ್ನೆ ಮೀನಿನವಳ ಹತ್ತಿರ, “ಹದಿನೆಂಟಕ್ಕೆ ಒಳ್ಳೆ ಅಂಜಲ್ ಬೇಕು, ಮನೆಯವರು ಬರ್ತಾರೆ” ಎನ್ನುತ್ತಿದ್ದಳು. ‘ಆ ಜನ’ ಹೋಗಿ ‘ಮನೆಯವರು’ ಬಂದಿದ್ದಾರೆ, ನೋಡಿಕೊಳ್ಳಿ.

ಭಾನುವಾರ ಬಸ್‌ಸ್ಟ್ಯಾಂಡಿಗೆ ನಾನೇ ಬರುತ್ತೇನೆ.

ಮೋಕ್ಷಾ


ಕುದ್ರೋಳಿ
24 ಮೇ

ಪಪ್ಪ,

ನೀವು ತಿರುಗಿ ಕೇಂದ್ರಕ್ಕೇ ಹೋಗಿದ್ದೀರಿ, ಕ್ಷೇಮವಾಗಿದ್ದೀರಿ ಎಂದು ಆ ಭಾನುವಾರ ಸಂಜೆಯೇ ಆನ್ಸಿ ಮೇಡಂ ಫೋನ್ ಮಾಡಿದರು. ಇಲ್ಲದಿದ್ದರೆ ನಾವು ಪೊಲೀಸ್ ಠಾಣೆಗೆ ಹೋಗುವವರಿದ್ದೆವು. ಕಾರಣ ನೀವೇ ಹೇಳಬೇಕು ಎಂದು ಮೇಡಂ ಫೋನ್ ಇಟ್ಟರು.

ಏನಾಯಿತು? ಬಸ್ಸಿಳಿದಾಗ ನಗುತ್ತಿದ್ದಿರಿ. ಮನೆಗೆ ಬಂದಿರಿ, ಅಮ್ಮ ಕೊಟ್ಟ ನೀರು ಕುಡಿದಿರಿ. ಗಿಡ ನೋಡಿ ಬರುತ್ತೇನೆ ಎಂದು ಮೆಟ್ಟಿಲು ಹತ್ತಿದಿರಿ. ಆಗ ಅಮ್ಮನ ಮುಖ ಹೇಗಾಯಿತೆಂದು ನೀವು ನೋಡಲಿಲ್ಲ, ನಾನು ನೋಡಿದೆ. ಸ್ವಲ್ಪ ಹೊತ್ತಿಗೆ ಇಳಿದು, ಗೋಡೆ ಹಿಡಿಯದೆ ಇಳಿದು, “ಮೊಸರು ತರ್ತೇನೆ” ಎಂದು ಹೊರಟಿರಿ. ಅಂಜಲ್ ಕಾವಲಿಯಲ್ಲಿತ್ತು. ಫ್ರಿಜ್ಜಿನಲ್ಲಿ ಮೊಸರು ಇತ್ತು.

ಅಮ್ಮ ಮೂರು ಬಟ್ಟಲು ಬಡಿಸಿ ಕಾದಳು. ಫೋನ್ ಬಂದ ಮೇಲೆ ನಿಮ್ಮ ಬಟ್ಟಲಿನದನ್ನು ಬೆಕ್ಕಿಗೆ ಹಾಕಿ, ಬಟ್ಟಲು ತೊಳೆದು ಕವುಚಿಟ್ಟಳು. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಊಟ ಮಾಡುವಷ್ಟು ಹೊತ್ತು ಕೂರಲು ನಿಮಗೆ ಆಗುವುದಿಲ್ಲವೇ? ನಾವೇನು ಮಾಡಿದ್ದೇವೆ ನಿಮಗೆ?

ಮೋಕ್ಷಾ


ಕೇಂದ್ರದಿಂದ
4 ಜೂನ್

ಮಗಾ,

ನೀನು ಕೇಳಿದ್ದು ನ್ಯಾಯ. ಹೇಳುತ್ತೇನೆ.

ಸೀತಾಳೆಯ ಹತ್ತಿರ ಹೋದೆ. ಎಲೆ ಎಷ್ಟು ಚೊಕ್ಕಟ, ಒಂದು ಹುಳ ಇಲ್ಲ. ಮೊಗ್ಗು ನೋಡಲು ಬಗ್ಗಿದೆ. ಎಲೆಯಿಂದ ಸ್ಪಿರಿಟ್ ವಾಸನೆ ಬಂತು. ಆ ಬೆಳಿಗ್ಗೆಯೇ ಒರೆಸಿರಬೇಕು ನೀನು, ನಾನು ನೋಡುವಾಗ ಚೆಂದ ಕಾಣಲೆಂದು. ಬೇರೆ ಯಾರಿಗೂ ಆ ವಾಸನೆ ಸಿಕ್ಕುತ್ತಿರಲಿಲ್ಲ. ನನ್ನ ಮೂಗಿಗೆ ಅದೊಂದೇ ವಿದ್ಯೆ ಚೆನ್ನಾಗಿ ಬಂದದ್ದು.

ಗೋಣಿಯಲ್ಲಿ ಇರಲಿಲ್ಲ, ನೀನು ಬರೆದದ್ದು ಸುಳ್ಳಲ್ಲ. ಹುಡುಕಬೇಕಾಗಲೂ ಇಲ್ಲ. ನೀರಿನ ಟ್ಯಾಂಕಿನ ಅಡಿ, ಇಟ್ಟಿಗೆ ಸಂದಿ. ಅದು ನನ್ನದೇ ಜಾಗ. ನನ್ನ ಮಗಳು ಬೇರೆ ಎಲ್ಲಿ ಇಡುತ್ತಾಳೆ?

ಬಾಟಲಿ ಕೈಯಲ್ಲಿತ್ತು. ಮುಚ್ಚಳ ತೆಗೆದಿದ್ದೆ. ಕೆಳಗೆ ಮೀನು ಕಾಯಿಸುವ ಸದ್ದು ಕೇಳುತ್ತಿತ್ತು, ನೀನು ಏನೋ ಹೇಳಿ ಅಮ್ಮ ನಕ್ಕಳು. ಅವಳು ನಗುವುದನ್ನು ಕೇಳಿ ಎಷ್ಟು ಕಾಲವಾಗಿತ್ತು! ಅಷ್ಟಾದರೂ ನನ್ನ ಕೈ ಕೆಳಗಿಳಿಯಲಿಲ್ಲ ಮಗಾ. ನನಗೆ ಎಲ್ಲಕ್ಕಿಂತ ಹೆದರಿಕೆಯಾದದ್ದು ಅದಕ್ಕೇ. ಹೇಗೋ ಮೋರಿಗೆ ಸುರಿದೆ. ಸುರಿದ ಮೇಲೆ ಮೋರಿಯ ಹತ್ತಿರ ಮಂಡಿಯೂರಿ ಕೂತಿದ್ದೆ, ಯಾಕೆಂದು ಕೇಳಬೇಡ. ಕೆಳಗಿಳಿದು ಅಮ್ಮನ ಮುಖ ನೋಡಿ ಊಟ ಮಾಡಲು ಆಗಲಿಲ್ಲ. ಮೊಸರು ಎಂದು ಬಾಯಿಗೆ ಬಂತು.

ನಿನ್ನ ಮೇಲೆ ಸಿಟ್ಟಿಲ್ಲ. ನನಗೋಸ್ಕರ ನೀನು ಗಿಡ ಉಳಿಸಿದ್ದು. ಆದರೆ ಆ ಗಿಡಗಳು ಇರುವ ತನಕ ಹುಳ ಬರುತ್ತದೆ, ಹುಳ ಬಂದರೆ ನೀನು ಸ್ಪಿರಿಟ್ ತರುತ್ತೀ. ಅವು ಅಲ್ಲಿರುವ ತನಕ ನಾನು ಆ ಮೆಟ್ಟಿಲು ಹತ್ತಲಾರೆ.

ಪಪ್ಪ


ಕೇಂದ್ರದಿಂದ
18 ಜೂನ್, ಬುಧವಾರ

ಮೋಕ್ಷಾ ಮಗಾ,

ಹಿಂದಿನ ಕಾಗದಕ್ಕೆ ನಿನ್ನ ಉತ್ತರ ಬರಲಿಲ್ಲ. ಬರುವ ಮೊದಲೇ ಇದನ್ನು ಬರೆಯಬೇಕೆನಿಸಿತು. ಅದರಲ್ಲಿ ನಾನು ಗಿಡಗಳ ಮೇಲೆ ತಪ್ಪು ಹಾಕಿದೆ. ಆನ್ಸಿ ಮೇಡಂ ಅದನ್ನು ಓದಿ, “ಗಿಡ ಎಂತ ಮಾಡ್ತು ಯೋಗೀಶರೇ?” ಎಂದು ಮಾತ್ರ ಕೇಳಿದ್ದರು. ಎರಡು ವಾರ ಅದೇ ಪ್ರಶ್ನೆ ತಲೆಯಲ್ಲಿ ತಿರುಗಿತು.

ಗಿಡ ಏನೂ ಮಾಡಲಿಲ್ಲ. ಗಿಡ ಇಲ್ಲದಿದ್ದರೆ ಮುಮ್ತಾಝ್ ಅವರ ಮನೆಯಲ್ಲಿ ಯಾರಿಗೋ ಇಂಜೆಕ್ಷನ್ ಕೊಡುವಾಗ ವಾಸನೆ ಬರುತ್ತದೆ. ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಎಷ್ಟು ಬಾರ್ ಇವೆಯೆಂದು ನನಗೆ ಕಣ್ಣುಮುಚ್ಚಿ ಹೇಳಲು ಬರುತ್ತದೆ. ಆ ದಿನ ನಾನು ಕುಡಿಯಲಿಲ್ಲ ಎಂದು ಇಲ್ಲಿ ಎಲ್ಲರೂ ಬೆನ್ನು ತಟ್ಟಿದರು. ಕುಡಿಯದೆ ಬಂದದ್ದು ಹೇಗೆಂದು ನನಗೇ ಗೊತ್ತಿಲ್ಲ, ಮುಂದಿನ ಸಲಕ್ಕೆ ಧೈರ್ಯ ಎಲ್ಲಿಂದ ತರಲಿ?

ಹಾಗಾಗಿ ನಾನು ಬರುವುದಿಲ್ಲ ಮಗಾ. ಇಲ್ಲಿ ಪಂಪು, ಫ್ರಿಜ್ಜು, ಫ್ಯಾನು ನೋಡಿಕೊಳ್ಳಲು ಜನ ಬೇಕಾಗಿತ್ತು. ಇರುತ್ತೇನೆ ಎಂದು ಹೇಳಿದ್ದೇನೆ. ಗೇಟಿಗೆ ಬೀಗ ಹಾಕುವವರು ಬೇರೆಯವರಾದರೆ ನಾನು ಬದುಕುತ್ತೇನೆ. ಬದುಕಿರುವ ಅಪ್ಪ ದೂರವಿದ್ದರೂ ಸಾಕು ಎಂದು ನೀನು ಅಂದುಕೊಳ್ಳಬೇಕು. ಅಮ್ಮನಿಗೆ ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ನೀನೇ ಹೇಳು. ನನ್ನ ದಾರಿ ಕಾಯಬೇಡಿ.

ಒಂದು ಬೇಡಿಕೆ. ಗಿಡಗಳನ್ನು ತೆಗೆಯಬೇಡ. ನಾನು ಬಾರದ ಮನೆಯಲ್ಲಿ ಈಗ ಸ್ಪಿರಿಟ್ ಇದ್ದರೂ ತೊಂದರೆಯಿಲ್ಲ, ಅಮ್ಮನಿಗೆ ಹೇಳಿಯೇ ತಾ, ಹುಳ ಬಂದರೆ ಒರೆಸು. ಆ ಮನೆಯಲ್ಲಿ ನನ್ನದೆಂದು ಚೆನ್ನಾಗಿ ಉಳಿದದ್ದು ಅವು ಮಾತ್ರ. ಇಲ್ಲಿ ಮಳೆ ಹಿಡಿದಿದೆ, ಸೀತಾಳೆ ಅರಳಿರಬೇಕು. ಮೊದಲ ಗೊಂಚಲು ಕೊಯ್ದು ನನ್ನ ಪರವಾಗಿ ಅಮ್ಮನ ಕೈಯಲ್ಲಿಡು. ಅವಳು ಮುಡಿಯುವುದಿಲ್ಲ. ಆದರೂ ಕೊಡು.

ಪಪ್ಪ


ಕುದ್ರೋಳಿ
18 ಜೂನ್, ಬುಧವಾರ

ಪ್ರೀತಿಯ ಪಪ್ಪಾ,

ನಿಮ್ಮ ಜೂನ್ ನಾಲ್ಕರ ಕಾಗದಕ್ಕೆ ಉತ್ತರ ಬರೆಯಲು ತಡವಾಯಿತು. ಬರೀ ಬರೆದು ಏನು ಮಾಡುವುದು, ಮಾಡಿ ಮುಗಿಸಿಯೇ ಬರೆಯೋಣ ಎಂದುಕೊಂಡೆ. ಇವತ್ತು ಮುಗಿಯಿತು.

ತಾರಸಿ ಖಾಲಿ. ಎಲ್ಲ ಗಿಡ ತೆಗೆದೆ. ನೀವು ಹೇಳಿಕೊಟ್ಟ ಹಾಗೆಯೇ, ಯಾರಿಗೂ ಕೊಡಲಿಲ್ಲ, ಚೀಲದಲ್ಲಿ ಬಿಗಿದು ಕಸದ ಗಾಡಿಗೆ ಹಾಕಿದೆ. ಗೋಣಿ, ಕುಂಡ, ಶೇಡ್ ನೆಟ್ಟು, ತಂತಿ, ಏನೂ ಇಟ್ಟಿಲ್ಲ. ಟ್ಯಾಂಕಿನ ಅಡಿಯ ಇಟ್ಟಿಗೆ ಸಂದಿಗೆ ಸಿಮೆಂಟು ಮೆತ್ತಿಸಿದೆ. ಬ್ಲೀಚಿಂಗ್ ಹಾಕಿ ತಿಕ್ಕಿದೆ, ನಿಮ್ಮ ಮೂಗಿಗೂ ಇನ್ನು ಬೇರೇನೂ ಸಿಗುವುದಿಲ್ಲ.

ಈ ಕೆಲಸಕ್ಕೆ ಅಮ್ಮ ತಾರಸಿಗೆ ಹತ್ತಿದಳು! ನಿಮ್ಮ ಕಾಗದ ಅವಳಿಗೆ ಪೂರ್ತಿ ಓದಿ ಹೇಳಿದ್ದೆ, ನಾನು ಬಾಟಲಿ ತಂದದ್ದನ್ನೂ. ಬೈಯುತ್ತಾಳೆ ಎಂದು ನಿಂತಿದ್ದೆ. “ಕೈಯಲ್ಲಿ ಹಿಡಿದೂ ಚೆಲ್ಲಿದರಾ?” ಎಂದು ಎರಡು ಸಲ ಕೇಳಿದಳು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಸೀತಾಳೆಯನ್ನು ಕೊನೆಗೆ ಇಟ್ಟಿದ್ದೆವು. ಎರಡೂ ದಂಡೆ ತುಂಬ ಅರಳಿತ್ತು, ಕೆಳಗೆ ಬಾಗಿ ಮಳೆಹನಿ ತೊಟ್ಟಿಕ್ಕುತ್ತಿತ್ತು. ಅಮ್ಮ ಅದರ ಎದುರು ನಿಂತು, “ಇದೊಂದು ಇರಲಿ ಮಾರಾಯ್ತಿ” ಎಂದಳು. ನಾನೇ ಒಪ್ಪಲಿಲ್ಲ. ಬೇರಿನಲ್ಲಿ ಮತ್ತೆ ಬಿಳಿ ಕಾಣಿಸಿತ್ತು. ಇದನ್ನು ಉಳಿಸಿದರೆ ಪುನಃ ಸ್ಪಿರಿಟ್ ತರಬೇಕಾಗುತ್ತದೆ, ಪಪ್ಪ ಬರುವುದಿಲ್ಲ ಎಂದೆ. ಅಮ್ಮ ಆಯಿತು ಎಂದಳು. ಮರದ ತುಂಡಿಗೆ ಹಿಡಿದ ಬೇರುಗಳನ್ನು ಕತ್ತಿಯಲ್ಲಿ ಬಿಡಿಸಬೇಕಾಯಿತು, ಬಿಡುವುದೇ ಇಲ್ಲ ಅದು. ನಾನು ಅತ್ತೆ, ಸುಳ್ಳು ಯಾಕೆ ಹೇಳಲಿ. ನೀವು ಬಂದರೆ ಎಲ್ಲ ಸರಿಯಾಗುತ್ತದೆ.

ಬಿಸಾಡುವ ಮೊದಲು ಅಮ್ಮ ಎರಡೂ ದಂಡೆಗಳನ್ನು ಕೊಯ್ದುಕೊಂಡಳು. ಒಂದೊಂದು ಹೂವನ್ನೂ ತಿರುಗಿಸಿ ನೋಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಾಳೆಲೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಟ್ಟಿದ್ದಾಳೆ. ದೇವರ ಪಟಕ್ಕಾ ಎಂದು ಕೇಳಿದರೆ ತಲೆ ತಗ್ಗಿಸಿ, “ಅಲ್ಲ, ಭಾನುವಾರಕ್ಕೆ ನನಗೆ” ಎಂದಳು.

ಈ ಕಾಗದವನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ, ಶುಕ್ರವಾರ ನಿಮಗೆ ಸಿಗುತ್ತದೆ. ಈಗ ನಿಮಗೆ ಹೆದರಲು ಈ ಮನೆಯಲ್ಲಿ ಏನೂ ಉಳಿದಿಲ್ಲ. ಭಾನುವಾರ ಬೆಳಗ್ಗಿನ ಬಸ್ಸಿಗೇ ಬನ್ನಿ. ಅಲ್ಲಿಯವರೆಗೆ ಹೂ ಬಾಡುವುದಿಲ್ಲ ಎಂದು ಅಮ್ಮ ಹೇಳುತ್ತಾಳೆ.

ನಿಮ್ಮ ಮಗಳು,
ಮೋಕ್ಷಾ